ಬೆಟ್ಟ ಹತ್ತಲು ಜೈಪುರ ಫುಟ್ ಸಾಕಾಗುತ್ತದೆಯೇ?

2011ರ ಏಪ್ರಿಲ್‌ನಲ್ಲಿ ಬರೇಲಿ ಬಳಿ ದರೋಡೆಕೋರರು ಓಡುವ ರೈಲಿನಿಂದ ತಳ್ಳಿದಾಗ ಅರುಣಿಮಾ ಸಿನ್ಹಾ ಮೊಣಕಾಲ ಕೆಳಗೆ ಎಡಗಾಲು ಕಳೆದುಕೊಂಡರು. 2013ರ ಮೇ 21ರಂದು ಎವರೆಸ್ಟ್ ಏರಿದರು. ಅವರ ಭಾಷಣ ಕೇಳಿ ಹೊರಬಂದ, ಅದೇ ರೀತಿ ಕಾಲು ಕಳೆದುಕೊಂಡವರಲ್ಲಿ ಏಳುವ ಪ್ರಶ್ನೆ ಒಂದೇ: ನನ್ನ ಕಾಲಲ್ಲಿ ಬೆಟ್ಟ ಹತ್ತಬಹುದಾ? ವೇದಿಕೆಯ ಮಾತಿನಲ್ಲಿ ಛಲಕ್ಕೆ ಸಿಗುವಷ್ಟು ಜಾಗ ಸಾಕೆಟ್ಟಿಗೆ, ಅಂದರೆ ಉಳಿದ ಕಾಲು ಕೂರುವ ಕೃತಕ ಕಾಲಿನ ಗೂಡಿಗೆ, ಸಿಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಹೆಚ್ಚು ಜನರ ಕೈಗೆಟುಕುವ ಕೃತಕ ಪಾದವಾದ ಜೈಪುರ ಫುಟ್ಟನ್ನು ಬೆಟ್ಟದ ಮಟ್ಟಿಗೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ರೂಪಿಸಿದ ಪಾದ ಇದು. ಒಳಗೆ ಮರ ಮತ್ತು ಮೆತ್ತನೆ ರಬ್ಬರ್, ಹೊರಗೆ ಗಟ್ಟಿ ರಬ್ಬರಿನ ಹೊದಿಕೆ. ಮೇಲಿನ ಕಾಲು ಮತ್ತು ಸಾಕೆಟ್ ಎಚ್‌ಡಿಪಿಇ ಪೈಪಿನದು, ನೀರಾವರಿ ಪೈಪಿಗೆ ಬಳಸುವ ಪ್ಲಾಸ್ಟಿಕ್ಕೇ. ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿ ಕೊಡುತ್ತದೆ.

ಇದರ ನಿಜವಾದ ಬೆಲೆ ತಿಳಿಯುವುದು ಶ್ರವಣಬೆಳಗೊಳದಲ್ಲಿ. ವಿಂಧ್ಯಗಿರಿಗೆ ಚಪ್ಪಲಿ ಕೆಳಗೇ ಬಿಟ್ಟು ಹೋಗಬೇಕು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಕಾರ್ಬನ್ ಫೈಬರಿನಿಂದ ಮಾಡಿದ ಬಹಳಷ್ಟು ಕೃತಕ ಪಾದಗಳನ್ನು ಶೂ ಹಿಮ್ಮಡಿಯ ಎತ್ತರ ಲೆಕ್ಕ ಹಾಕಿ ಹೊಂದಿಸಿರುತ್ತಾರೆ. ಶೂ ತೆಗೆದರೆ ಹಿಮ್ಮಡಿ ತಗ್ಗಿ, ಮೊಣಕಾಲು ಹಿಂದಕ್ಕೆ ತಳ್ಳಿದಂತಾಗುತ್ತದೆ; ಪ್ರತಿ ಮೆಟ್ಟಿಲಲ್ಲೂ ಏರಿನ ಮೇಲೆ ಏರು. ಜೈಪುರ ಫುಟ್ ಹುಟ್ಟಿದ್ದೇ ಬರಿಗಾಲ ನಡಿಗೆಗೆ. ಕಣಕಾಲಿನ ಬಳಿ ಎಲ್ಲ ದಿಕ್ಕಿಗೂ ಒಂದಿಷ್ಟು ಬಾಗುವುದರಿಂದ ಸಮವಿಲ್ಲದ ಕಲ್ಲಿನ ಮೇಲೂ ಕೂರುತ್ತದೆ. ಸುಸ್ತಾದರೆ ಚಕ್ಕಳಮಕ್ಕಳ ಹಾಕಿ ಕೂರಬಹುದು, ಹಳ್ಳ ಬಂದರೆ ನೀರಿಗಿಳಿಯಬಹುದು.

ಕೊರತೆಯೂ ಅಲ್ಲೇ ಇದೆ. ಕಾರ್ಬನ್ ಪಾದ ಬಾಗಿ ಸ್ಪ್ರಿಂಗಿನಂತೆ ಮುಂದಕ್ಕೆ ಎತ್ತಿಕೊಡುತ್ತದೆ, ರಬ್ಬರ್ ಆ ಶಕ್ತಿಯನ್ನು ನುಂಗಿಬಿಡುತ್ತದೆ. ಪಾದ ಭಾರವೂ ಹೌದು. ಉದ್ದದ ಏರಿನಲ್ಲಿ ತೊಡೆ ಬೇಗ ಸೋಲುತ್ತದೆ. ಹಿಮಕ್ಕಂತೂ ಬೇಡ: ಕ್ರ್ಯಾಂಪಾನಿನ, ಅಂದರೆ ಹಿಮದಲ್ಲಿ ಶೂಗೆ ಕಟ್ಟುವ ಮುಳ್ಳಿನ ಚೌಕಟ್ಟಿನ, ಮುಂದಿನ ಮೊನೆ ಊರಿ ನಿಲ್ಲಲು ಬಿರುಸಾದ ಪಾದ ಬೇಕು, ಇದರ ಮುಂಗಾಲು ಮಡಚಿಕೊಳ್ಳುತ್ತದೆ.

ಆದರೆ ಬೆಟ್ಟದಲ್ಲಿ ಹೆಚ್ಚು ಜನ ಸೋಲುವುದು ಪಾದದಿಂದಲ್ಲ, ಸಾಕೆಟ್ಟಿನಿಂದ. ನಡೆಯುತ್ತ ಹೋದಂತೆ ಸ್ಟಂಪ್, ಅಂದರೆ ಉಳಿದ ಕಾಲಿನ ಭಾಗ, ಸಣ್ಣದಾಗುತ್ತದೆ. ಸಾಕೆಟ್ಟಿನ ಒಳಕ್ಕೆ ಇಳಿಯುತ್ತದೆ. ತುದಿಯಲ್ಲಿ ಅಥವಾ ಮಂಡಿಚಿಪ್ಪಿನ ಅಡಿಯಲ್ಲಿ ಒತ್ತುತ್ತಿದೆ ಎಂದರೆ ಸ್ಟಂಪಿನ ಮೇಲೆ ಒಂದು ಕಾಲುಚೀಲ ಹೆಚ್ಚಿಗೆ ಹಾಕಬೇಕು. ಬಿಗಿಯಾಗಿ, ಪೂರ್ತಿ ಒಳಗೆ ಹೋಗದಿದ್ದರೆ ಒಂದು ತೆಗೆಯಬೇಕು. ಮೂರು ಒಣ ಹತ್ತಿ ಕಾಲುಚೀಲ, ಒಂದು ಟವೆಲ್ ಚೀಲದಲ್ಲಿರಲಿ. ಅರ್ಧ ಗಂಟೆಗೊಮ್ಮೆ ಕೂತು, ಕಾಲು ಬಿಚ್ಚಿ, ಬೆವರು ಒರೆಸಿ, ಚರ್ಮ ನೋಡಿ. ಕೆಂಪು ಗುರುತು ಹತ್ತು ನಿಮಿಷದಲ್ಲಿ ಮಾಸಿದರೆ ಸರಿ. ಮಾಸದಿದ್ದರೆ, ಅದರಲ್ಲೂ ಮೊಣಕಾಲ ಕೆಳಗೆ ಮುಂಬದಿಯ ಎಲುಬಿನ ಅಂಚಿನಲ್ಲೋ ಮೊಣಕಾಲ ಹೊರಬದಿಯ ಗಂಟಿನಲ್ಲೋ ಇದ್ದರೆ, ಅಂದಿಗೆ ಹಿಂತಿರುಗಿ. ಬೊಬ್ಬೆ ಒಡೆದರೆ ವಾಸಿಯಾಗುವ ತನಕ ಕಾಲು ಹಾಕಲಾಗದು. ಕೆಲಸ, ಓಡಾಟ ಎಲ್ಲ ನಿಲ್ಲುತ್ತದೆ.

ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಕೃತಕ ಕಾಲು ಮುಂದೆ. ಇಳಿಯುವುದೇ ಕಷ್ಟ: ಪಾದಕ್ಕೆ ಸ್ಪರ್ಶವಿಲ್ಲ, ಮೆಟ್ಟಿಲಿನ ಅಂಚು ಕಣ್ಣಿಗೇ ಕಾಣಬೇಕು. ಆದ್ದರಿಂದ ಎರಡು ಕೋಲು ಬೇಕು, ಕತ್ತಲಾಗುವ ಮೊದಲೇ ಕೆಳಗಿರಬೇಕು.

ಹೊರಡುವ ಹಿಂದಿನ ದಿನ ಅಂಗಾಲಿನ ರಬ್ಬರ್ ಬಗ್ಗಿಸಿ ನೋಡಿ, ಬೆರಳುಗಳ ಬುಡದಲ್ಲಿ ಬಿರುಕಿದ್ದರೆ ಮೊದಲು ಪಾದ ಬದಲಿಸಿ. ಸವೆದು ನುಣುಪಾದ ಅಂಗಾಲು ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಪಾದವನ್ನು ಪೈಪಿಗೆ ಹಿಡಿದಿರುವ ಸ್ಕ್ರೂ ಸಡಿಲವಾದರೆ ಹೆಜ್ಜೆಗೊಮ್ಮೆ ಕಟ್ ಎನ್ನುತ್ತದೆ. ನೀರಲ್ಲಿ ನಡೆದ ಮೇಲೆ ತುಕ್ಕು ಹಿಡಿದಿದೆಯೇ ನೋಡಿ. ಒದ್ದೆ ಸಾಕೆಟ್ಟನ್ನು ಒಲೆ, ಬೆಂಕಿಯ ಹತ್ತಿರ ಒಣಗಿಸಲೇಬೇಡಿ. ಬಿಸಿ ಮಾಡಿ ಆಕಾರ ಕೊಟ್ಟ ಪ್ಲಾಸ್ಟಿಕ್ ಅದು, ಬಿಸಿಗೇ ಆಕಾರ ಕಳೆದುಕೊಳ್ಳುತ್ತದೆ. ಸ್ಕ್ರೂಡ್ರೈವರ್, ಬದಲಿ ಬೆಲ್ಟು, ಗಟ್ಟಿ ಟೇಪು ಜೊತೆಗಿರಲಿ. ಎರಡೂ ಕಾಲಿಲ್ಲದ ನ್ಯೂಜಿಲೆಂಡಿನ ಮಾರ್ಕ್ ಇಂಗ್ಲಿಸ್ 2006ರಲ್ಲಿ ಎವರೆಸ್ಟ್ ಏರುವಾಗ ಸುಮಾರು 6,400 ಮೀಟರ್ ಎತ್ತರದಲ್ಲಿ ಅವರ ಕಾರ್ಬನ್ ಕಾಲೇ ಮುರಿಯಿತು. ಬದಲಿ ಭಾಗ ಬರುವ ತನಕ ಅದನ್ನು ಹಿಡಿದು ನಿಲ್ಲಿಸಿದ್ದು ಟೇಪು.

ಹೊಸ ಕಾಲು ಸಿಕ್ಕ ವಾರವೇ ಬೆಟ್ಟಕ್ಕೆ ಹೊರಡಬೇಡಿ. ಅಳತೆ ಕೊಟ್ಟು ಒಂದೆರಡು ದಿನದಲ್ಲೇ ಕಾಲು ಕೈಗೆ ಬರುವುದು ದೊಡ್ಡ ಅನುಕೂಲ, ಆದರೆ ಸ್ಟಂಪ್ ಆಮೇಲೂ ಬದಲಾಗುತ್ತದೆ. ಮನೆ ಮೆಟ್ಟಿಲಲ್ಲಿ ನೂರು ಹತ್ತಿ, ನೂರು ಇಳಿದು, ಬಿಚ್ಚಿ ಚರ್ಮ ನೋಡಿ. ಎಲ್ಲಿ ಒತ್ತುತ್ತದೆಯೋ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕಿಕೊಂಡು ಹೋಗಿ ಸಾಕೆಟ್ ಸರಿಮಾಡಿಸಿ. ಆ ಗುರುತು ಮೂಡದ ದಿನದಿಂದ ಮೆಟ್ಟಿಲ ಲೆಕ್ಕ ಏರಿಸುತ್ತ ಹೋಗಬಹುದು.