ಬೆಂಗಳೂರೋ ಹೈದರಾಬಾದೋ: ಅಡ್ವಾನ್ಸ್, ನೀರು, ಬೇಸಿಗೆ, ಮಕ್ಕಳ ಓದು

ಹೈದರಾಬಾದಿಗೆ ವರ್ಗವಾದ ಮನೆಗಳಲ್ಲಿ ಹೋಗೋದಾ ಬೇಡವಾ ಅನ್ನೋ ಮಾತು ಟ್ರಾಫಿಕ್ಕು, ಬಿರಿಯಾನಿಗಳ ಸುತ್ತಲೇ ಸುತ್ತಿ ನಿಂತುಬಿಡುತ್ತದೆ. ನಿಜಕ್ಕೂ ನೋಡಬೇಕಾದ್ದು ಮೂರು: ಆಫೀಸು ಊರಿನ ಯಾವ ದಿಕ್ಕಿಗಿದೆ, ಮಕ್ಕಳು ಎಷ್ಟನೇ ಕ್ಲಾಸು, ನಿಮ್ಮ ಸ್ವಂತ ಊರು ಯಾವ ಜಿಲ್ಲೆ. ಈ ಮೂರಕ್ಕೂ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುವುದಾದರೆ, ಚಿಕ್ಕ ಮಕ್ಕಳಿರುವ ಅಥವಾ ಇನ್ನೂ ಮಕ್ಕಳಿಲ್ಲದ ಬಾಡಿಗೆದಾರರಿಗೆ ಹೈದರಾಬಾದ್ ಹಗುರ. ಹೈಸ್ಕೂಲಿನ ಮಕ್ಕಳಿದ್ದರೆ ಬೆಂಗಳೂರು ಬಿಡುವ ಮುಂಚೆ ಹತ್ತು ಸಲ ಯೋಚಿಸಬೇಕು. ಹವೆಯಲ್ಲಿ ಮಾತ್ರ ಬೆಂಗಳೂರಿಗೆ ಸಾಟಿಯೇ ಇಲ್ಲ.

ಮೊದಲ ಏಟು ಬೀಳುವುದು ಅಡ್ವಾನ್ಸಿನಲ್ಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೆಯ ರೂಢಿ. ಅಪಾರ್ಟ್‌ಮೆಂಟುಗಳಲ್ಲಿ ಈಗ ಐದಾರು ತಿಂಗಳಿಗೆ ಇಳಿದಿದೆ, ಹಳೆಯ ಬಡಾವಣೆಗಳ ಮಾಲೀಕರು ಇನ್ನೂ ಹತ್ತರಿಂದಲೇ ಮಾತು ಶುರು ಮಾಡುತ್ತಾರೆ. ಹೈದರಾಬಾದಿನಲ್ಲಿ ಎರಡು ತಿಂಗಳು, ದೊಡ್ಡ ಗೇಟೆಡ್ ಸಮುಚ್ಚಯಗಳಲ್ಲಿ ಕೆಲವೊಮ್ಮೆ ಮೂರು. 30,000 ರೂಪಾಯಿ ಬಾಡಿಗೆಯ ಮನೆಗೆ ಬೆಂಗಳೂರಿನಲ್ಲಿ ಆರು ತಿಂಗಳ ಲೆಕ್ಕದಲ್ಲಿ 1,80,000 ಕಟ್ಟಬೇಕು. ಅಲ್ಲಿ 60,000ಕ್ಕೆ ಕೀಲಿಕೈ ಸಿಗುತ್ತದೆ. ಈ ದುಡ್ಡಿಗೆ ಬಡ್ಡಿಯಿಲ್ಲ, ಬಿಡುವಾಗ ಪೂರ್ತಿ ವಾಪಸ್ ಬರುವ ಖಾತರಿಯೂ ಇಲ್ಲ. ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ಪದ್ಧತಿಯೇ ಆಗಿಹೋಗಿದೆ, ಒಂದೇ ವರ್ಷ ಇದ್ದು ಬಿಟ್ಟರೂ ಅಷ್ಟೇ. ಆದ್ದರಿಂದ ಕರಾರುಪತ್ರದಲ್ಲಿ ಎರಡು ಸಾಲು ಸೇರಿಸದೆ ಸಹಿ ಹಾಕಬೇಡಿ: ಪೇಂಟಿಂಗ್‌ಗೆ ಹಿಡಿಯುವ ಮೊತ್ತ ಎಷ್ಟು, ಕೀಲಿ ಒಪ್ಪಿಸಿದ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸ್. ಮನೆ ಹೊಕ್ಕ ದಿನವೇ ಗೋಡೆ, ಸಿಂಕು, ಬಾತ್‌ರೂಮಿನ ಟೈಲ್ಸ್, ಕಿಟಕಿ ಗಾಜು ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಬಿಡುವಾಗ ಅದೇ ದಾಖಲೆ.

ಬೆಂಗಳೂರಿನಲ್ಲಿ ಲೀಸ್ ಅಂದರೆ ಭೋಗ್ಯದ ದಾರಿಯೂ ಉಂಟು: ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದು. ಕೇಳಲು ಚೆನ್ನ. ಆದರೆ ಮಾಲೀಕ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟಿದ್ದು ಕಂತು ತಪ್ಪಿದರೆ, ನೋಂದಣಿಯಾಗದ ಕರಾರು ಹಿಡಿದು ನಿಂತವರಿಗೆ ಬ್ಯಾಂಕು ಕರಗುವುದಿಲ್ಲ. ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ ತೆಗೆಸಿ ನೋಡಿ, ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲು ಮಾಲೀಕ ಒಪ್ಪದಿದ್ದರೆ ಅಲ್ಲಿಗೇ ಕೈಬಿಡಿ.

ನೀರಿನ ವಿಷಯಕ್ಕೆ ಬಂದರೆ ಎರಡೂ ಊರು ದೂರದ ನದಿ ನಂಬಿ ಬದುಕುವಂಥವು. ಬೆಂಗಳೂರಿಗೆ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಟ್ಟ ಹತ್ತಿದಂತೆ ಮೇಲೇರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಚಾಲೂ ಆದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್‌ನದು, ಹೊರವಲಯದ 110 ಹಳ್ಳಿಗಳಿಗೆಂದೇ ಮಾಡಿದ್ದು. ಹೈದರಾಬಾದಿಗೆ ಕೃಷ್ಣಾ, ಗೋದಾವರಿ, ಮಂಜೀರಾ ಮೂರರಿಂದಲೂ ಬರುತ್ತದೆ. 1908ರ ಮೂಸಿ ಪ್ರವಾಹದ ನಂತರ ಕಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೂ ಇವೆ. ಮನೆ ಮೀಟರನ್ನು ಆಧಾರ್‌ಗೆ ಜೋಡಿಸಿದರೆ ತಿಂಗಳಿಗೆ 20,000 ಲೀಟರ್ ಉಚಿತ ಕೊಡುವ ಯೋಜನೆಯೂ ಅಲ್ಲಿದೆ. ಇಷ್ಟಾದರೂ ಹೈದರಾಬಾದಿನ ಪಶ್ಚಿಮದ ಹೊಸ ಟವರುಗಳು ಬೇಸಿಗೆಯಲ್ಲಿ ಟ್ಯಾಂಕರ್ ಕಾಯುತ್ತವೆ, 2024ರಲ್ಲಿ ವೈಟ್‌ಫೀಲ್ಡ್ ಸುತ್ತ ಕಾದ ಹಾಗೆಯೇ. ಹಾಗಾಗಿ ಊರಿಗಿಂತ ಕಟ್ಟಡ ನೋಡುವುದು ಮುಖ್ಯ.

ನೋಡುವ ಬಗೆ ಹೀಗೆ. ಅಡುಗೆಮನೆಯ ನಲ್ಲಿಯ ತುದಿಯಲ್ಲಿ ತಿರುಗಿಸಿ ಬಿಚ್ಚುವ ಜಾಲರಿ ಇರುತ್ತದೆ. ಬಿಚ್ಚಿ ನೋಡಿ. ಒಳಗೆ ಸುಣ್ಣದಂಥ ಬಿಳಿ ಹೊಟ್ಟು ಗಟ್ಟಿ ಕಟ್ಟಿದ್ದರೆ ಆ ಮನೆಗೆ ಬರುವುದು ಬೋರ್‌ವೆಲ್ ಗಡಸು ನೀರು, ಮಾಲೀಕರು ಕಾವೇರಿ ಅನ್ನಲಿ ಮಂಜೀರಾ ಅನ್ನಲಿ. ಗೀಸರಿನ ಕಾಯಿಲ್ ಬೇಗ ಹೋಗುತ್ತದೆ, ವಾಷಿಂಗ್ ಮಷೀನಿಗೆ ಪುಡಿ ಹೆಚ್ಚು ಬೇಕು, ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಆಮೇಲೆ ಸಂಪಿನ ಲೆಕ್ಕ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ಕು ಜನರ ಮನೆಗೆ 540, ಆರು ಮನೆಯ ಕಟ್ಟಡಕ್ಕೆ 3,240. ಸಂಪು 12,000 ಲೀಟರಿನದಾದರೆ ನಾಲ್ಕು ದಿನವೂ ಬಾಳದು. ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಒಂದು ಸಲ ತಪ್ಪಿದರೂ ಸಂಭಾಳಿಸಬಹುದು, ಎರಡು ಸಲ ತಪ್ಪಿದರೆ ಟ್ಯಾಂಕರೇ ಗತಿ. ಟ್ಯಾಂಕರಿನ ಖರ್ಚು ಮೇಂಟೆನೆನ್ಸಿನೊಳಗೋ ಹೊರಗೋ ಅಂತ ಅಲ್ಲೇ ಕೇಳಿ ಬರೆಸಿಕೊಳ್ಳಿ.

ಬೇಸಿಗೆ ಹೈದರಾಬಾದಿನ ನಿಜವಾದ ಬಾಡಿಗೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಹೈದರಾಬಾದ್ ಹತ್ತಿರಹತ್ತಿರ 540. ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ರಾತ್ರಿಯೂ ಕಾವು ಇಳಿಯದು. ಕೊನೆಯ ಮಹಡಿ, ಪಡುವಣ ಗೋಡೆಯ ಬೆಡ್‌ರೂಮು ಇರುವ ಮನೆ ಎಷ್ಟೇ ಸೋವಿಯಾದರೂ ಬೇಡ. ಗೋಡೆ ಕುಡಿದ ಬಿಸಿಲನ್ನು ರಾತ್ರಿ ಊಟ ಮುಗಿದ ಮೇಲೂ ಎಷ್ಟೋ ಹೊತ್ತಿನವರೆಗೆ ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ. ಒಣ ಬಿಸಿಲಾದ್ದರಿಂದ ಏರ್ ಕೂಲರ್ ಏಪ್ರಿಲ್ ಮೇ ಎರಡೂ ತಿಂಗಳು ಚೆನ್ನಾಗಿ ನಡೆಯುತ್ತದೆ, ಜೂನಿನಲ್ಲಿ ಗಾಳಿಗೆ ತೇವ ಏರಿದ ಕೂಡಲೇ ಕೈಕೊಡುತ್ತದೆ.

ಏಸಿ ಹಾಕುವವರು ಕರೆಂಟ್ ಬಿಲ್ಲಿನ ಮೆಟ್ಟಿಲು ಅರಿತಿರಬೇಕು. ತೆಲಂಗಾಣದ ಈಚಿನ ದರದಲ್ಲಿ 120 ಯೂನಿಟ್ ಸುಟ್ಟ ಮನೆಗೆ ಮೊದಲ ನೂರಕ್ಕೆ 3.40, ಉಳಿದ 20ಕ್ಕೆ 4.80, ಸೇರಿ 436 ರೂಪಾಯಿ. ಅದೇ ಮನೆಯಲ್ಲಿ ರಾತ್ರಿ ಎಂಟು ಗಂಟೆ ಏಸಿ ನಡೆದು, ಗಂಟೆಗೆ ಒಂದು ಯೂನಿಟ್ ಲೆಕ್ಕದಲ್ಲಿ ತಿಂಗಳಿಗೆ 240 ಸೇರಿದರೆ ಒಟ್ಟು 360. ಇನ್ನೂರು ದಾಟಿದ್ದೇ ತಡ, ವರ್ಗವೇ ಬದಲಾಗಿ ಮೊದಲ ಇನ್ನೂರಕ್ಕೂ 5.10, ಮುಂದಿನ ನೂರಕ್ಕೆ 7.70, ಆಮೇಲಿನ 60ಕ್ಕೆ 9 ರೂಪಾಯಿ. ಸ್ಥಿರ ಶುಲ್ಕ ಬಿಟ್ಟು 2,330! ಬಳಕೆ ಮೂರು ಪಟ್ಟು, ಬಿಲ್ಲು ಐದು ಪಟ್ಟು. ಅಲ್ಲಿನ ಗೃಹಜ್ಯೋತಿ ರೇಷನ್ ಕಾರ್ಡಿಗೆ ಕಟ್ಟಿಕೊಂಡಿದೆ, ಹೊಸದಾಗಿ ಹೋದವರಿಗೆ ಸಿಗುವುದಿಲ್ಲ. ಕರ್ನಾಟಕದ್ದು ಬಾಡಿಗೆದಾರರಿಗೂ ಉಂಟು, ಆದರೆ ಒಂದು ತೊಡಕು: ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಅಂಟಿಕೊಂಡಿದ್ದರೆ ನಿಮ್ಮದು ಸೇರದು. ಕೀಲಿ ಪಡೆಯುವ ಮುಂಚೆಯೇ ಅವರಿಂದ ಸೇವಾಸಿಂಧುವಿನಲ್ಲಿ ಡಿಲಿಂಕ್ ಮಾಡಿಸಿಕೊಳ್ಳಿ. ನೀವು ಬೆಂಗಳೂರು ಬಿಡುವಾಗಲೂ ನಿಮ್ಮದನ್ನು ಬಿಡಿಸಿಯೇ ಹೋಗಿ.

ಓಡಾಟದಲ್ಲಿ ಹೈದರಾಬಾದಿಗೆ ಹೆಸರು ತಂದಿರುವುದು ಹೊರವರ್ತುಲ ರಸ್ತೆ. 158 ಕಿಲೋಮೀಟರ್, ಎಂಟು ಪಥ, ಸಿಗ್ನಲ್ ಇಲ್ಲ, ಟೋಲ್ ಉಂಟು, ದ್ವಿಚಕ್ರ ವಾಹನಕ್ಕೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಗಚ್ಚಿಬೌಲಿಯಿಂದ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಹೋಗುವ ಹಾಗೆ ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ ಹೊರಡಲಾಗದು. ಇಲ್ಲಿ ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಲೇಬೇಕು. ಆದರೆ ದಿನನಿತ್ಯದ ಆಫೀಸಿಗೆ ಈ ರಸ್ತೆ ಎಲ್ಲರಿಗೂ ದಕ್ಕುವುದಿಲ್ಲ, ಅಲ್ಲಿ ಮೆಟ್ರೋ ಲೆಕ್ಕಕ್ಕೆ ಬರುತ್ತದೆ. ಹೈದರಾಬಾದ್ ಮೆಟ್ರೋ 69 ಕಿಲೋಮೀಟರಿಗೆ ನಿಂತಿದೆ, ನೀಲಿ ಮಾರ್ಗ ರಾಯದುರ್ಗದಲ್ಲೇ ಮುಗಿಯುತ್ತದೆ. ಫೈನಾನ್ಷಿಯಲ್ ಡಿಸ್ಟ್ರಿಕ್ಟ್, ನಾನಕ್‌ರಾಮ್‌ಗುಡ, ಕೋಕಾಪೇಟೆಯ ಆಫೀಸುಗಳವರು ಅಲ್ಲಿಳಿದು ಮತ್ತೆ ಬಸ್ಸೋ ಕ್ಯಾಬೋ ಹಿಡಿಯಬೇಕು. ಆಫೀಸು ಹೈಟೆಕ್ ಸಿಟಿಯಲ್ಲೇ ಇದ್ದರೆ ಮಾತ್ರ ಒಂದು ಒಳ್ಳೆಯ ಹಂಚಿಕೆ ಇದೆ: ಪಕ್ಕದ ಕೊಂಡಾಪುರದ ಬಾಡಿಗೆಗೆ ಬೀಳದೆ ಹಬ್ಸಿಗುಡ, ತಾರ್ನಾಕ, ಉಪ್ಪಲ್ ಕಡೆ ಮನೆ ಮಾಡಿ. ಅದೇ ನೀಲಿ ಮಾರ್ಗ, ರೈಲು ಬದಲಿಸುವ ಗೋಜಿಲ್ಲ, ಅಮೀರ್‌ಪೇಟೆಯ ನೂಕುನುಗ್ಗಲಿನಲ್ಲಿ ಇಳಿದು ಹತ್ತಬೇಕಿಲ್ಲ, ಮೊದಲ ನಿಲ್ದಾಣಗಳಾದ್ದರಿಂದ ಸೀಟೂ ಸಿಗುತ್ತದೆ.

ನಮ್ಮ ಮೆಟ್ರೋ ಈಗ ಉದ್ದದಲ್ಲಿ ಮುಂದಿದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು, ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬಂತು. ಆಫೀಸು ಈ ಎರಡರ ದಾರಿಯಲ್ಲಿದ್ದರೆ ಬೆಂಗಳೂರಿನ ಟ್ರಾಫಿಕ್ ಬಗ್ಗೆ ಕೇಳಿದ ಕಥೆಗಳನ್ನೆಲ್ಲ ಪಕ್ಕಕ್ಕಿಡಬಹುದು. ವಿಜಯನಗರದಲ್ಲೋ ಕೆಂಗೇರಿಯಲ್ಲೋ ಮನೆ ಮಾಡಿಕೊಂಡು ವೈಟ್‌ಫೀಲ್ಡಿಗೆ ಹೋಗಿಬರುವುದು ಸಾಧ್ಯ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ರಿಂಗ್ ರಸ್ತೆಯಲ್ಲಿ ಕೆಲಸವಾದರೆ ಆಫೀಸಿನ ಆಸುಪಾಸಿನಲ್ಲೇ ಮನೆ ನೋಡಿ, ಬಾಡಿಗೆ ಐದಾರು ಸಾವಿರ ಹೆಚ್ಚಾದರೂ ಸರಿಯೇ. ಎರಡೂ ರಾಜ್ಯಗಳಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಆದರೆ ಆಯಾ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಕರಾರು ಕೈಗೆ ಬಂದ ವಾರದಲ್ಲೇ ಆಧಾರ್ ವಿಳಾಸ ಬದಲಿಸಿಕೊಳ್ಳಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೈದರಾಬಾದಿನ ಬೀದಿಬದಿಯಲ್ಲಿ ಬಿಸಿ ಜೋಳದ ರೊಟ್ಟಿ ಸಿಗುತ್ತದೆ, ರಾಗಿಮುದ್ದೆ ಹುಡುಕಬೇಕು, ಹಾಲು ಬೆಂಗಳೂರಿನಷ್ಟು ಅಗ್ಗವಲ್ಲ.

ಎಲ್ಲಕ್ಕಿಂತ ಜೋಪಾನವಾಗಿ ನೋಡಬೇಕಾದ್ದು ಮಕ್ಕಳ ಓದು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಕರ್ನಾಟಕದ ಸರ್ಕಾರಿ ಕೋಟಾ ಸೀಟು ಬೇಕಾದರೆ ಸಾಮಾನ್ಯ ನಿಯಮ ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು, ಹತ್ತನೆಯದನ್ನೋ ಪಿಯುಸಿಯನ್ನೋ ಇಲ್ಲೇ ಪಾಸಾಗಿರಬೇಕು. ತೆಲಂಗಾಣದಲ್ಲಿ ಸ್ಥಳೀಯರೆನಿಸಿಕೊಳ್ಳಲು ಅರ್ಹತಾ ಪರೀಕ್ಷೆಗೆ ಕೊನೆಗೊಳ್ಳುವ ಸತತ ನಾಲ್ಕು ವರ್ಷ ಅಲ್ಲಿ ಓದಿರಬೇಕು. ವೈದ್ಯಕೀಯ ಸೀಟಿನ ಮಟ್ಟಿಗೆ ಈ ನಾಲ್ಕು ವರ್ಷದ ನಿಯಮವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಈಗ ಕೂಡಿಸಿ ನೋಡಿ. ಒಂಬತ್ತನೆಯ ಕ್ಲಾಸಿನ ಆರಂಭದಲ್ಲೇ ಹೋದ ಮಗು ಹನ್ನೆರಡು ಮುಗಿಸುವಾಗ ಅಲ್ಲಿ ನಾಲ್ಕು ವರ್ಷ ತುಂಬಿಸಿರುತ್ತದೆ. ಎಸ್ಸೆಸ್ಸೆಲ್ಸಿ ಇಲ್ಲಿ ಮುಗಿಸಿ ಹೋದ ಮಗುವಿಗೆ ಕರ್ನಾಟಕದ ಅರ್ಹತೆ ಉಳಿಯುತ್ತದೆ. ಹತ್ತನೆಯ ಕ್ಲಾಸಿಗೆ ಹೋಗಿ ಸೇರಿದರೆ ಅಲ್ಲಿ ಮೂರೇ ವರ್ಷ, ಇಲ್ಲಿ ಯಾವ ಪಬ್ಲಿಕ್ ಪರೀಕ್ಷೆಯೂ ಇಲ್ಲ, ಎರಡೂ ಕೈತಪ್ಪುವ ಅಪಾಯ. ಒಂಬತ್ತು ಮುಗಿಸಿದ ಮಗುವಿದ್ದರೆ ಒಂದು ವರ್ಷ ಕುಟುಂಬವನ್ನು ಬೆಂಗಳೂರಿನಲ್ಲೇ ಬಿಟ್ಟು ಒಬ್ಬರೇ ಹೋಗುವುದು ಮೇಲು. ಹೆತ್ತವರ ಓದಿನ ಆಧಾರದ ಮೇಲೆ, ಹೊರನಾಡ ಕನ್ನಡಿಗರಿಗೆಂದು ಬೇರೆ ಕಲಮುಗಳೂ ಇವೆ, ಪ್ರತಿಯೊಂದಕ್ಕೂ ದಾಖಲೆ ಬೇರೆ. ಆ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ವರ್ಗಾವಣೆಗೆ ಒಪ್ಪುವ ಮುಂಚೆ ಓದಿ.

2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ಹತ್ತನೆಯವರೆಗೆ ತೆಲುಗು ಕಡ್ಡಾಯ. ಕನ್ನಡ ಓದಬಲ್ಲ ಮಗುವಿಗೆ ಇದು ಹೊರೆಯಲ್ಲ; ಲಿಪಿ ಅಷ್ಟು ಹತ್ತಿರ, ತಲೆಕಟ್ಟಿನ ವ್ಯತ್ಯಾಸ ಹಿಡಿದರೆ ಬಸ್ಸಿನ ಬೋರ್ಡು ಬಾಯಿಗೆ ಬರುತ್ತದೆ. ಕನ್ನಡ ಬರವಣಿಗೆ ಮಾತ್ರ ಮನೆಯಲ್ಲಿ ಕಲಿಸದಿದ್ದರೆ ಹೋಗೇಬಿಡುತ್ತದೆ. ಕಾಚಿಗುಡದಲ್ಲಿ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇವೆ, ಆದರೆ ಹೊಸಬರು ನೆಲೆಸುವ ಗಚ್ಚಿಬೌಲಿಯಿಂದ ಅದು ಊರಿನ ಇನ್ನೊಂದು ತುದಿ.

ಬೀದರ್, ಕಲಬುರಗಿ, ರಾಯಚೂರಿನವರಿಗೆ ಲೆಕ್ಕ ಬೇರೆ. 1956ರವರೆಗೆ ಅವರ ರಾಜಧಾನಿಯೇ ಹೈದರಾಬಾದ್. ಬೀದರಿನಿಂದ ಅದು ಸುಮಾರು 150 ಕಿಲೋಮೀಟರ್, ಬೆಂಗಳೂರು 700ರ ಹತ್ತಿರ. ಊರಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ ಶನಿವಾರ ಹೋಗಿ ಭಾನುವಾರ ಬರಬಹುದು, ದೊಡ್ಡ ಆಸ್ಪತ್ರೆಗೂ ಅಲ್ಲಿಗೇ ಕರೆತರಬಹುದು. ಈ ಒಂದೇ ಕಾರಣಕ್ಕೆ ಅವರು ಹೈದರಾಬಾದನ್ನು ಆರಿಸಿಕೊಂಡರೆ ಅದು ಸರಿಯಾದ ಆಯ್ಕೆ. ಶಿವಮೊಗ್ಗ, ಹಾಸನ, ಮೈಸೂರಿನವರಿಗೆ ಇದೇ ತಕ್ಕಡಿ ಬೆಂಗಳೂರಿನ ಕಡೆ ವಾಲುತ್ತದೆ.

ಕೆಎ ನಂಬರಿನ ಕಾರು ಒಯ್ಯುವವರಿಗೆ ಹನ್ನೆರಡು ತಿಂಗಳ ಗಡುವು. ಅದಕ್ಕಿಂತ ಹೆಚ್ಚು ಇರುವುದಾದರೆ ಇಲ್ಲಿನ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ, ಅಲ್ಲಿ ನಮೂನೆ 27ರಲ್ಲಿ ಹೊಸ ನಂಬರಿಗೆ ಅರ್ಜಿ, ಕಾರಿನ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ. ಆಮೇಲೆ ಇಲ್ಲಿ ಕಟ್ಟಿದ ತೆರಿಗೆಯ ಉಳಿಕೆಗೆ ಮೂಲ ಆರ್‌ಟಿಒದಲ್ಲಿ ರೀಫಂಡ್ ಅರ್ಜಿ. ಸಾಲದ ಕಾರಾದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯ ನೌಕರರು ಹೊಸ ಕಾರನ್ನು ದೇಶವಿಡೀ ನಡೆಯುವ ಬಿಎಚ್ (ಭಾರತ್) ಸರಣಿಯ ನಂಬರಿನಲ್ಲಿ ಕೊಂಡರೆ ಈ ಓಡಾಟವೇ ಇರುವುದಿಲ್ಲ.

ಮನೆ ಕೊಳ್ಳುವ ಮನಸ್ಸಿದ್ದರೆ ಆತುರ ಬೇಡ. ಹೈದರಾಬಾದಿನಲ್ಲಿ ಎಫ್‌ಎಸ್‌ಐಗೆ (ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕಕ್ಕೆ) ಮಿತಿ ಇಲ್ಲದ್ದರಿಂದಲೇ ಕೋಕಾಪೇಟೆಯಲ್ಲಿ ನಲವತ್ತು ಐವತ್ತು ಅಂತಸ್ತು ಏಳುತ್ತಿರುವುದು. ಅಷ್ಟು ಎತ್ತರದ ಕಟ್ಟಡದಲ್ಲಿ ನಿಮ್ಮ ಪಾಲಿಗೆ ಬರುವ ಭೂಮಿ ತೀರಾ ಕಡಿಮೆ. ಆ ಭೂಮಿಯ ಪಾಲು, ಅಂದರೆ ಯುಡಿಎಸ್, ಎಷ್ಟು ಚದರ ಗಜ ಅನ್ನುವುದನ್ನು ಮಾರಾಟ ಕರಾರಿನಲ್ಲೇ ನೋಡಿ. ಕೆರೆಗಳ ಎಫ್‌ಟಿಎಲ್ (ಕೆರೆ ತುಂಬಿದಾಗ ನೀರು ನಿಲ್ಲುವ ಮಟ್ಟ) ಗಡಿ, ಅದರ ಸುತ್ತ ಕಟ್ಟಬಾರದ ಬಫರ್ ವಲಯದೊಳಗಿನ ಕಟ್ಟಡಗಳನ್ನು 2024ರಿಂದ ಅಲ್ಲಿನ ಸರ್ಕಾರಿ ಸಂಸ್ಥೆ ಹೈಡ್ರಾ ಕೆಡವುತ್ತಿದೆ, ಆದ್ದರಿಂದ ಸರ್ವೆ ನಂಬರ್ ಹಿಡಿದು ಕೆರೆ ನಕ್ಷೆಗೆ ತಾಳೆ ನೋಡದೆ ಮುಂಗಡ ಕೊಡಬೇಡಿ. ಬೆಂಗಳೂರಿನಲ್ಲಿ ಅದೇ ಎಚ್ಚರ ರಾಜಕಾಲುವೆ ಬಫರಿಗೆ, ಜತೆಗೆ ಆಸ್ತಿಯ ಇ-ಖಾತಾ ಎ (ಕ್ರಮಬದ್ಧ) ಯೋ ಬಿ (ಲೋಪವಿರುವುದು) ಯೋ ಅನ್ನುವುದಕ್ಕೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಸುತ್ತ ಮುಳುಗಿದ್ದರಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳೂ ಇದ್ದವು. ಒಂದು ಮಳೆಗಾಲ ಅದೇ ಬಡಾವಣೆಯಲ್ಲಿ ಬಾಡಿಗೆಗಿದ್ದು, ಜೋರು ಮಳೆಯ ಮರುದಿನ ಬೇಸ್‌ಮೆಂಟಿಗೆ ಇಳಿದು ಕಂಬಗಳ ಬುಡದಲ್ಲಿ ನೀರಿನ ಗುರುತು ಎಷ್ಟು ಎತ್ತರಕ್ಕಿದೆ ಅಂತ ನೋಡಿಕೊಂಡು ಆಮೇಲೆ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿ.