ಡಸ್ಟ್ ಕಲೆಕ್ಟರ್‌ಗೆ ಫೋಮ್ ಪೆಟ್ಟಿಗೆ ಕಟ್ಟಿಸಲು ಹೊರಟವರ ಗಮನಕ್ಕೆ

ಮರದ ಧೂಳನ್ನು ಎಳೆದು ಚೀಲಕ್ಕೆ ತುಂಬುವ ಡಸ್ಟ್ ಕಲೆಕ್ಟರ್‌ನ ಸದ್ದಡಗಿಸಿಕೊಡುತ್ತೇವೆಂದು ಹೇಳಿ, ಇಡೀ ಯಂತ್ರವನ್ನು ಮೋಟರ್ ಸಮೇತ ಪ್ಲೈವುಡ್ ಪೆಟ್ಟಿಗೆಯಲ್ಲಿ ಮುಚ್ಚಿ ಒಳಮೈಗೆ ಫೋಮ್ ಅಂಟಿಸುವವರು ಬಂದರೆ, ಮರಗೆಲಸದವರು ದಯವಿಟ್ಟು ಒಪ್ಪಬೇಡಿ. ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಇನ್‌ಲೇ (ಮರದಲ್ಲಿ ಚಿತ್ತಾರ ಕೂರಿಸುವ) ಕಾರ್ಖಾನೆಯಲ್ಲಿ ಅಂಥ ಪೆಟ್ಟಿಗೆಯೊಳಗೆ 2 ಎಚ್‌ಪಿ ಮೋಟರ್‌ನ ವೈಂಡಿಂಗ್ (ಒಳಗಿನ ತಂತಿಸುತ್ತು) ಸುಟ್ಟುಹೋಯಿತು. ಕೆಲಸದ ಹುಡುಗ "ಅಣ್ಣ, ಏನೋ ಸುಟ್ಟ ವಾಸನೆ ಬರ್ತಾ ಇದೆ" ಎಂದು ಕೂಗದೆ ಇದ್ದಿದ್ದರೆ ಹೊಟ್ಟಿನ ಚೀಲಕ್ಕೂ ಬೆಂಕಿ ತಗಲುತ್ತಿತ್ತು.

ನಮ್ಮ ಗೋಡೆಯಾಚೆಗೇ ಮನೆಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನೆರೆಯವರ ದೂರು ನ್ಯಾಯವಾಗಿಯೇ ಇತ್ತು. ಹಾಗೆಂದು ಯಂತ್ರವನ್ನು ನಿಲ್ಲಿಸಿ ಕೆಲಸ ಮಾಡುವಂತಿಲ್ಲ, ಏಕೆಂದರೆ ಬೀಟೆ ಮರದ ನುಣ್ಣನೆಯ ಧೂಳು ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ, ಮತ್ತು ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ.

ಪೆಟ್ಟಿಗೆ ಕಟ್ಟಿದ ಗುತ್ತಿಗೆದಾರರು ಐದಿಂಚಿನ ಪೈಪಿನಿಂದ ಒಳಬರುವ ಗಾಳಿ ಹೊರಹೋಗಲು ಮೂರಿಂಚಿನ ಒಂದು ತೂತನ್ನಷ್ಟೇ ಬಿಟ್ಟಿದ್ದರು. ವಿಸ್ತೀರ್ಣದ ಲೆಕ್ಕದಲ್ಲಿ ಅದು ಒಳಬರುವ ದಾರಿಯ ಮೂರನೇ ಒಂದು ಭಾಗದಷ್ಟು. ಸದ್ದು ಇಳಿದದ್ದು ನಿಜ, ಆದರೆ ಅದರಲ್ಲಿ ಬಹುಪಾಲು ಗಾಳಿಯ ಓಟವೇ ಕಟ್ಟಿಹೋದುದರ ಫಲ. ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಹತ್ತಿರದ ಮೇಜಿನ ಮೇಲೆ ಮತ್ತೆ ಧೂಳು ಕೂರತೊಡಗಿದಾಗ ವಿಚಾರಿಸಿದರೆ, "ಚೀಲ ಒದರಿ, ಸರಿಹೋಗುತ್ತದೆ" ಎಂಬ ಉತ್ತರ ಬಂತು.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ವಿಷಯವಿದೆ. ಮೋಟರ್ ಚಾಲೂ ಮಾಡುವ ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಇದೆ, ಮೋಟರ್ ಬಿಸಿಯಾದರೆ ಅದೇ ಟ್ರಿಪ್ ಆಗಿ ಮೋಟರನ್ನು ನಿಲ್ಲಿಸುತ್ತದೆ ಎಂದು ಗುತ್ತಿಗೆದಾರರು ಭರವಸೆ ಕೊಟ್ಟಿದ್ದರು. ಆದರೆ ರಿಲೇ ಗಮನಿಸುವುದು ಮೋಟರ್ ಎಳೆಯುವ ಕರೆಂಟನ್ನು, ಅದರ ಮೈಬಿಸಿಯನ್ನಲ್ಲ. ಧೂಳಿನ ಗಾಳಿಯನ್ನು ಎಳೆಯುವ ಇಂಥ ಬ್ಲೋವರ್‌ನಲ್ಲಿ ಗಾಳಿಯ ದಾರಿ ಕಟ್ಟಿದರೆ ಸಾಗಿಸಬೇಕಾದ ಗಾಳಿ ಕಡಿಮೆಯಾಗಿ ಕರೆಂಟ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಮೋಟರ್‌ನ ಹಿಂಬದಿಯ ಫ್ಯಾನು ಪೆಟ್ಟಿಗೆಯೊಳಗಿನ ಅದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಮೋಟರ್‌ನ ಮೇಲೆಯೇ ಬೀಸುತ್ತಿತ್ತು, ರಿಲೇ ಸುಮ್ಮನಿತ್ತು. ಬಾಗಿಲು ತೆಗೆದು ನೋಡಿದಾಗ ಮೋಟರ್‌ನ ಏಣುಗಳ ಸಂದಿನಲ್ಲಿ ಬೀಟೆಯ ಕಪ್ಪುನೇರಳೆ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅದಕ್ಕೆದುರಾಗಿದ್ದ ಫೋಮ್ ಕಂದಾಗಿ, ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಪಾಲಿಯುರೆಥೇನ್ ಫೋಮ್ ಹೊತ್ತಿಕೊಂಡರೆ ಕಾರ್ಬನ್ ಮೊನಾಕ್ಸೈಡಿನ ಜೊತೆಗೆ ಸಯನೈಡ್ ಅನಿಲವೂ ಬರುತ್ತದೆ.

ಇಷ್ಟಾಗಿ ಆ ಫೋಮ್‌ನಿಂದ ದೊಡ್ಡ ಪ್ರಯೋಜನವೂ ಇರಲಿಲ್ಲ. ನಿಮಿಷಕ್ಕೆ 2,850 ಸುತ್ತು ತಿರುಗುವ ಆರು ರೆಕ್ಕೆಯ ಬ್ಲೋವರ್ ಸೆಕೆಂಡಿಗೆ 285 ಬಾರಿ ಗಾಳಿಯನ್ನು ಬಡಿಯುತ್ತದೆ. ಅಷ್ಟು ಕೆಳಸ್ತರದ ಗುಂಯ್‌ಗುಡುವಿಕೆಯನ್ನು ಒಂದಿಂಚಿನ ಫೋಮ್ ಹೀರುವುದು ಅತ್ಯಲ್ಪ. ಅದನ್ನು ತಡೆಯಲು ಭಾರವಾದ ಗೋಡೆಯೇ ಬೇಕು.

ಈಗ ನಮ್ಮಲ್ಲಿ ಯಂತ್ರವನ್ನು ಇಟ್ಟಿಗೆ ಗೋಡೆಯ ಮೂಲೆಗೆ ಸರಿಸಿ, ಕಾಲುಗಳಡಿ ರಬ್ಬರ್ ಪ್ಯಾಡ್ ಕೊಟ್ಟು, ಪೈಪಿನ ಜೋಡಣೆಗೆ ಒಂದು ತುಂಡು ಮೆದು ಹೋಸ್ ಹಾಕಿಸಿದ್ದೇವೆ. ಹೊರಹೋಗುವ ಗಾಳಿಗೆ ಒಳಬರುವ ಪೈಪಿಗಿಂತ ಮೂರು ಪಟ್ಟು ಅಗಲದ, ಎರಡು ತಿರುವುಗಳುಳ್ಳ ದಾರಿ ಮಾಡಿಸಿ, ಅದರ ಒಳಮೈಗೆ ಬೆಂಕಿ ಹಿಡಿಯದ ರಾಕ್‌ವೂಲನ್ನು (ಕಲ್ಲಿನ ಎಳೆಗಳ ಹಾಸು) ಗ್ಲಾಸ್ ಬಟ್ಟೆಯಿಂದ ಮುಚ್ಚಿ ಕೂರಿಸಿದ್ದೇವೆ. ಮೋಟರ್ ತೆರೆದ ಗಾಳಿಯಲ್ಲಿಯೇ ಇದೆ. ಪೆಟ್ಟಿಗೆಯಿದ್ದಾಗಿನಷ್ಟು ನಿಶ್ಶಬ್ದವಲ್ಲ, ಆದರೆ ನೆರೆಯವರ ತಕರಾರು ನಿಂತಿದೆ, ಧೂಳೂ ಎಳೆಯುತ್ತದೆ.

ಈಗಾಗಲೇ ಪೆಟ್ಟಿಗೆ ಕಟ್ಟಿಸಿಕೊಂಡಿರುವವರು ಮೊದಲು ಫೋಮ್ ಕಿತ್ತುಹಾಕಿ, ಮೋಟರ್‌ನ ಮೈಗೆ ತಾಗಿಕೊಂಡಿರುವ, ಬಿಸಿ ಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಸ್ವಿಚ್ಚನ್ನು ಸ್ಟಾರ್ಟರ್‌ನ ಕಾಯಿಲ್‌ಗೆ ಸರಣಿಯಲ್ಲಿ ಹಾಕಿಕೊಡುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಆ ಕೆಲಸ ಮುಗಿಯುವವರೆಗೆ ಪೆಟ್ಟಿಗೆಯ ಬಾಗಿಲು ತೆರೆದಿಟ್ಟೇ ಯಂತ್ರ ನಡೆಸಿ.