ಸಿಯುಇಟಿ–ಪಿಜಿ ಅರ್ಜಿ ಸೇವೆ: ಕೊಡಗಿನಿಂದ ಹಾಕುವವರ ಕಣ್ಣಲ್ಲಿ

ಕೊಡಗಿನಲ್ಲಿ ಪದವಿ ಮುಗಿಸಿ ಎಂಎ, ಎಂಎಸ್ಸಿ ಓದಬೇಕೆಂದರೆ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಇದೆ. ಘಟ್ಟ ಇಳಿದರೆ ಮಂಗಳೂರು, ಇತ್ತ ಬಂದರೆ ಮೈಸೂರು. ಇವನ್ನು ಬಿಟ್ಟು ಕೇಂದ್ರೀಯ ವಿಶ್ವವಿದ್ಯಾಲಯದ ಕಡೆ ನೋಡುವವರಿಗೆ ಮುಖ್ಯ ದಾರಿ ಸ್ನಾತಕೋತ್ತರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿ–ಪಿಜಿ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, 2022ರಿಂದ ಇದನ್ನು ನಡೆಸುತ್ತಿದೆ. ಕಂಪ್ಯೂಟರ್‌ನಲ್ಲಿ ಬರೆಯುವ ಪರೀಕ್ಷೆ. 2025ರಲ್ಲಿ ಒಂದು ಪತ್ರಿಕೆಗೆ 75 ಪ್ರಶ್ನೆ, 90 ನಿಮಿಷ, ಒಟ್ಟು 300 ಅಂಕ. ಸರಿಯುತ್ತರಕ್ಕೆ 4, ತಪ್ಪಿದರೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ. ಆ ವರ್ಷ ಸಾಮಾನ್ಯ ವರ್ಗಕ್ಕೆ ಎರಡು ಪತ್ರಿಕೆಗಳವರೆಗೆ 1400 ರೂಪಾಯಿ ಶುಲ್ಕವಿತ್ತು. ಊರೂರಿಗೆ ಹೋಗಿ ಬೇರೆ ಬೇರೆ ಪ್ರವೇಶ ಪರೀಕ್ಷೆ ಬರೆಯುವ ಖರ್ಚಿನ ಮುಂದೆ ಇದು ದುಬಾರಿಯಲ್ಲ.

ಆದರೆ ಆ ದುಡ್ಡಿಗೆ ಸಿಗುವುದು ಅಂಕ ಮಾತ್ರ, ಸೀಟಲ್ಲ. ಎನ್‌ಟಿಎ ಯಾರಿಗೂ ಸೀಟು ಹಂಚುವುದಿಲ್ಲ. ಅಂಕಪಟ್ಟಿ ಬಂದ ಮೇಲೆ ಪ್ರತಿಯೊಂದು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಮತ್ತೆ ಹೆಸರು ನೋಂದಾಯಿಸಬೇಕು, ಬಹುತೇಕ ಕಡೆ ಮತ್ತೆ ಶುಲ್ಕ ಕಟ್ಟಬೇಕು. ದೆಹಲಿ ವಿವಿಗೆ ಸಿಎಸ್‌ಎಎಸ್ ಎಂಬ ಅದರದ್ದೇ ಸೀಟು ಹಂಚಿಕೆ ವ್ಯವಸ್ಥೆ ಇದೆ. ಉಳಿದವುಗಳ ಅರ್ಜಿ, ಕೊನೆಯ ದಿನ, ಕಟ್‌ಆಫ್ ಎಲ್ಲವೂ ಬೇರೆ ಬೇರೆ. ಮೊದಲ ಅರ್ಜಿಯಲ್ಲಿ ವಿವಿಯ ಹೆಸರು ಆರಿಸಿದ್ದೇ ಸಾಕೆಂದು ಕುಳಿತವರ ಅಂಕ ಎಷ್ಟೇ ಚೆನ್ನಾಗಿರಲಿ, ರ‍್ಯಾಂಕ್ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಈ ಮಾತನ್ನು ಅರ್ಜಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹೇಳಿದ್ದರೆ ಈ ಸೇವೆಯನ್ನು ಇನ್ನೂ ಸ್ವಲ್ಪ ಹೊಗಳಬಹುದಿತ್ತು.

ಪತ್ರಿಕೆ ಆರಿಸುವಾಗಲೂ ಎಡವುವವರಿದ್ದಾರೆ. ಇಲ್ಲಿ ಆರಿಸಬೇಕಾದದ್ದು ಕೋರ್ಸನ್ನಲ್ಲ, ಪತ್ರಿಕೆಯ ಕೋಡನ್ನು. ಒಂದೇ ಹೆಸರಿನ ಎಂಎಗೆ ಒಂದು ವಿವಿ ವಿಷಯದ ಪತ್ರಿಕೆ ಕೇಳಿದರೆ ಇನ್ನೊಂದು ಸಾಮಾನ್ಯ ಪತ್ರಿಕೆ ಕೇಳಬಹುದು. ಆದ್ದರಿಂದ ಮೊದಲು ಓದಬೇಕೆಂದಿರುವ ಮೂರ್ನಾಲ್ಕು ವಿವಿಗಳ ಅರ್ಹತಾ ಪುಟ ತೆರೆದು ಕೋಡ್ ಬರೆದಿಟ್ಟುಕೊಳ್ಳಿ, ಆಮೇಲೆ ಅರ್ಜಿ ಮುಟ್ಟಿ. ಪದವಿಯಲ್ಲಿ ಆ ವಿಷಯ ಓದಿರಲೇಬೇಕೇ, ಕನಿಷ್ಠ ಶೇಕಡಾ ಎಷ್ಟು ಎಂಬುದೂ ಅದೇ ಪುಟದಲ್ಲಿರುತ್ತದೆ. ಪೊನ್ನಂಪೇಟೆ ಅರಣ್ಯ ಕಾಲೇಜಿನವರಿಗೆ ಒಂದು ಮಾತು: ಕೃಷಿ, ಅರಣ್ಯ ವಿಷಯಗಳ ಅಖಿಲ ಭಾರತ ಸೀಟಿಗೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಪರೀಕ್ಷೆಯೇ ಬೇರೆ ಇದೆ.

ಈ ಸೇವೆಯ ದೊಡ್ಡ ಕೊರತೆ ಭಾಷೆಯದು. ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಪಿಜಿಯಲ್ಲಿ ಭಾಷಾ ಪತ್ರಿಕೆಗಳನ್ನು ಬಿಟ್ಟರೆ ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಇತಿಹಾಸ, ಸಮಾಜಶಾಸ್ತ್ರ ಓದಿದವರಿಗೆ ವಿಷಯ ಗೊತ್ತಿದ್ದರೂ ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಸಮಯ ಹೋಗುತ್ತದೆ. ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡು. ಇಂಥವರು ಕಡೆಯ ಎರಡು ತಿಂಗಳು ಹೊಸದೇನೂ ಓದದೆ, ತಮ್ಮ ವಿಷಯದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ರೂಢಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದೇ ಲೇಸು.

ಇನ್ನು ಮೀಸಲಾತಿ ಕಾಲಮ್ಮು. ಕೊಡಗಿನವರು ಹೆಚ್ಚು ತೊಡಕಿಗೆ ಸಿಲುಕುವುದು ಇಲ್ಲೇ. ರಾಜ್ಯದ ಪ್ರವರ್ಗ 2ಎ, 3ಎ, 3ಬಿ ಪ್ರಮಾಣಪತ್ರ ಕೇಂದ್ರದಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇದ್ದರೆ ಕೆನೆಪದರ ರಹಿತ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ಮಾಡಿಸಬೇಕು. ಯಾವ ಮೀಸಲು ಪಟ್ಟಿಯಲ್ಲೂ ಇಲ್ಲದವರಿಗೆ ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ ಇದೆ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆಯಿದ್ದರೆ ಸಾಲದು. 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಭೂಮಿ ಇದ್ದರೆ ಆದಾಯ ಎಷ್ಟೇ ಕಡಿಮೆಯಿರಲಿ ಅರ್ಹತೆ ಹೋಯಿತು. ಕಾಫಿ, ಕರಿಮೆಣಸು ಕೈಕೊಟ್ಟ ವರ್ಷವೂ ಈ ನಿಯಮ ಬದಲಾಗುವುದಿಲ್ಲ. ಜಮ್ಮಾ ಬಾಣೆ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿ ಭೂಮಿ ಇರುವವರಿಗೆ ಇನ್ನೊಂದು ಗಂಟು: ಪಹಣಿಯಲ್ಲಿ ಪಟ್ಟೇದಾರರ ಹೆಸರಿನಲ್ಲಿ ಇಡೀ ಒಕ್ಕದ (ಮನೆತನದ) ಭೂಮಿ ಇರುತ್ತದೆ. ಇಡಬ್ಲ್ಯುಎಸ್ ಲೆಕ್ಕದ ಕುಟುಂಬವೆಂದರೆ ಅರ್ಜಿದಾರರು, ತಂದೆ ತಾಯಿ, 18ರೊಳಗಿನ ಒಡಹುಟ್ಟಿದವರು, ಮದುವೆಯಾಗಿದ್ದರೆ ಸಂಗಾತಿ ಮತ್ತು 18ರೊಳಗಿನ ಮಕ್ಕಳು ಅಷ್ಟೇ. ನಿಮ್ಮ ಮನೆಯ ಪಾಲು ಎಷ್ಟೆಂದು ದಾಖಲೆ ಸಮೇತ ತಹಸೀಲ್ದಾರರ ಕಚೇರಿಯಲ್ಲಿ ವಿವರಿಸಬೇಕಾಗಿ ಬರಬಹುದು. ಒಂದು ವಾರದಲ್ಲಿ ಆಗುವ ಕೆಲಸವೆಂದುಕೊಳ್ಳಬೇಡಿ.

ಪ್ರಮಾಣಪತ್ರದ ದಿನಾಂಕವೂ ಮುಖ್ಯ. 2025ರ ಅರ್ಜಿ ಜನವರಿಯಲ್ಲಿ ತೆರೆದಿತ್ತು, ಪರೀಕ್ಷೆ ಮಾರ್ಚಿನಲ್ಲಿ ಶುರುವಾಯಿತು. ಪ್ರವೇಶದ ಹೊತ್ತಿಗೆ ಹೊಸ ಹಣಕಾಸು ವರ್ಷ ಬಂದಿರುತ್ತದೆ. ಏಪ್ರಿಲ್ 1ರ ನಂತರ ಕೊಟ್ಟ ಇಡಬ್ಲ್ಯುಎಸ್, ಒಬಿಸಿ ಪತ್ರವನ್ನೇ ಹಲವು ವಿವಿಗಳು ಕೇಳುತ್ತವೆ. ಜನವರಿಯದನ್ನು ನಂಬಿ ಕೂತರೆ ನಿಮ್ಮನ್ನು ಸಾಮಾನ್ಯ ವರ್ಗದವರೆಂದೇ ಲೆಕ್ಕಕ್ಕೆ ಹಿಡಿಯಬಹುದು.

ಅರ್ಜಿ ತುಂಬುವುದು ಅಷ್ಟು ಕಷ್ಟವಲ್ಲ. ಗ್ರಾಮ ಒನ್‌ನಲ್ಲೋ ಸೈಬರ್ ಅಂಗಡಿಯಲ್ಲೋ ತುಂಬಿಸಿದರೆ ಮೊಬೈಲ್ ನಂಬರ್, ಇಮೇಲ್ ಮಾತ್ರ ನಿಮ್ಮದೇ ಇರಲಿ. ತಿದ್ದುಪಡಿಗೆ ಅವಕಾಶ ಕೊಟ್ಟಾಗಲೂ ಈ ಎರಡನ್ನು ಬದಲಿಸಲಾಗುವುದಿಲ್ಲ, ಒಟಿಪಿ ಅಂಗಡಿಯವರ ಫೋನಿಗೇ ಹೋಗುತ್ತದೆ. ಪರೀಕ್ಷಾ ನಗರ ಆರಿಸುವಾಗ ಜಿಲ್ಲೆಯಲ್ಲಿ ರೈಲಿಲ್ಲ ಎಂಬುದು ನೆನಪಿರಲಿ. ಬೆಳಗಿನ ಪಾಳಿ 9ಕ್ಕೆ ಶುರುವಾದರೆ ಮಡಿಕೇರಿಯಿಂದ ಅಂದೇ ಹೊರಟು ಮೈಸೂರು ಮುಟ್ಟುವುದು ದೊಡ್ಡ ಸಾಹಸ. ಹಿಂದಿನ ರಾತ್ರಿಯೇ ಅಲ್ಲಿರಿ.

ವಿವಿಗಳ ಸೀಟು ಹಂಚಿಕೆ ನಡೆಯುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ಅಂದರೆ ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಮಳೆಗಾಲ. ಸೀಟು ಬಂದ ಮೇಲೆ ಶುಲ್ಕ ಕಟ್ಟಲು ಕೊಡುವ ಗಡುವು ಕೆಲವೇ ದಿನ. ಭಾಗಮಂಡಲ, ಶಾಂತಳ್ಳಿ ಕಡೆಯವರು ಲಾಗಿನ್ ವಿವರವನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನಂಬಿಕೆಯ ನೆಂಟರಿಗೆ ಕೊಟ್ಟಿರುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕೆಂಬ ಲೆಕ್ಕವೂ ನಕ್ಷೆ ನೋಡಿದರೆ ಬದಲಾಗುತ್ತದೆ. ಕರ್ನಾಟಕ ಕೇಂದ್ರೀಯ ವಿವಿ ಇರುವುದು ಕಲಬುರಗಿಯ ಕಡಗಂಚಿಯಲ್ಲಿ, ರಾಜ್ಯದ ಇನ್ನೊಂದು ತುದಿ. ಕೇರಳ ಕೇಂದ್ರೀಯ ವಿವಿ ಕಾಸರಗೋಡಿನ ಪೆರಿಯದಲ್ಲಿದೆ; ಕರಿಕೆ, ಪಾಣತ್ತೂರು ದಾಟಿ ಕಾಞಂಗಾಡಿಗೆ ಇಳಿದರೆ ಅಲ್ಲೇ ಹತ್ತಿರ. ಎರಡೂ 2009ರಲ್ಲಿ ಆರಂಭವಾದವು. ವಿಷಯ ಹೊಂದಿದರೆ ಪೆರಿಯವನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬಹುದು.

ಚಿಕ್ಕಅಳುವಾರದಲ್ಲಿ ಸೀಟು ಹಿಡಿದುಕೊಂಡು ಕೇಂದ್ರೀಯ ವಿವಿಯ ಪಟ್ಟಿಗೆ ಕಾಯುವುದರಲ್ಲಿ ತಪ್ಪಿಲ್ಲ. ಶುಲ್ಕ ಮರಳಿಸುವ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮವಿದೆ. 2024–25ರಲ್ಲಿ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಹಣ ವಾಪಸ್ ಕೊಡಬೇಕೆಂದಿತ್ತು. ನೀವು ಸೇರುವ ವರ್ಷದ ಸುತ್ತೋಲೆಯ ದಿನಾಂಕ ನೋಡಿಕೊಂಡು ಸೀಟನ್ನು ಲಿಖಿತವಾಗಿಯೇ ಬಿಡಿ, ಸ್ವೀಕೃತಿ ಪಡೆಯಿರಿ. ಬೇರೆ ವಿವಿಗೆ ಸೇರಲು ಬೇಕಾಗುವ ವಲಸೆ (ಮೈಗ್ರೇಷನ್) ಪ್ರಮಾಣಪತ್ರಕ್ಕೆ ನಿಮ್ಮ ಪದವಿ ಅಂಕಪಟ್ಟಿಯ ಮೇಲೆ ಮಂಗಳೂರು ವಿವಿಯ ಹೆಸರಿದೆಯೋ ಕೊಡಗು ವಿವಿಯದೋ ನೋಡಿ, ಅಲ್ಲಿಗೇ ಅರ್ಜಿ ಹಾಕಿ.